ಟ್ರಾಬ್‌ನಲ್ಲಿ ಮಾಡುವ ಪಿನ್ನನ್ನು ಕೋಲ್ಡ್ ಫೋರ್ಜಿಂಗ್‌ಗೆ ಹಾಕಬಹುದಾ?

ಪ್ರಶ್ನೆ: ಸಾರ್, ನಾನು ಪೀಣ್ಯದಲ್ಲಿ ಸಣ್ಣ ವರ್ಕ್‌ಶಾಪ್ ನಡೆಸುತ್ತೇನೆ. ನಾಲ್ಕು ಟ್ರಾಬ್ (ಆಟೋಮ್ಯಾಟಿಕ್ ಲೇತ್), ಎರಡು ಸಿಎನ್‌ಸಿ ಇವೆ. ಒಂದು ಕಾಲರ್ ಪಿನ್ ಐದು ವರ್ಷದಿಂದ ಮಾಡಿಕೊಡುತ್ತಿದ್ದೇನೆ. ತಲೆ 16 ಮಿ.ಮೀ. ವ್ಯಾಸ, 5 ಮಿ.ಮೀ. ದಪ್ಪ. ಶ್ಯಾಂಕ್, ಅಂದರೆ ತಲೆಯ ಕೆಳಗಿನ ದಂಡು, 8 ಮಿ.ಮೀ. ವ್ಯಾಸ, 35 ಮಿ.ಮೀ. ಉದ್ದ. ತುದಿಯಲ್ಲಿ ಒಂದು ಸರ್‌ಕ್ಲಿಪ್ ಗ್ರೂವ್ (ಲಾಕ್ ರಿಂಗ್ ಕೂರುವ ತೋಡು). ಮಟೀರಿಯಲ್ ಇಎನ್ 1ಎ ಲೆಡೆಡ್. ಒಂದು ಪಿನ್ನಿಗೆ 40 ಸೆಕೆಂಡ್ ಹಿಡಿಯುತ್ತದೆ, ತಿಂಗಳಿಗೆ 50,000 ಹೋಗುತ್ತದೆ. ಈಗ ಕಸ್ಟಮರ್, 'ಬೇರೆಯವರು ಕೋಲ್ಡ್ ಫೋರ್ಜ್ ಮಾಡಿ ಕಡಿಮೆ ರೇಟಿಗೆ ಕೊಡ್ತಾರೆ, ಬಲವೂ ಜಾಸ್ತಿ ಅಂತೆ' ಎನ್ನುತ್ತಿದ್ದಾರೆ. ಇದು ನಿಜವಾ? ಸಾಲ ಮಾಡಿ ಒಂದು ಸೆಕೆಂಡ್ ಹ್ಯಾಂಡ್ ಹೆಡರ್ ಮಷೀನ್ ತಗೊಳ್ಳಲಾ?

ಉತ್ತರ:

ಪಿನ್ನನ್ನು ಕೋಲ್ಡ್ ಫೋರ್ಜಿಂಗ್‌ಗೆ ಹಾಕಿ, ಅಂದರೆ ವೈರನ್ನು ಕಾಯಿಸದೆ ಗುದ್ದಿ ಮಾಡಿಸಿ. ಮಷೀನ್ ಮಾತ್ರ ಕೊಳ್ಳಬೇಡಿ. ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ನಡುವೆ ನಿಮ್ಮ ಡ್ರಾಯಿಂಗ್ ಇದೆಯಲ್ಲ, ಅದು ಈಗಿರುವ ಹಾಗೇ ಇದ್ದರೆ ಹೆಡರ್‌ನಲ್ಲಿ ಒಂದು ಪಿನ್ನೂ ನೆಟ್ಟಗೆ ಬರುವುದಿಲ್ಲ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ನಿಮ್ಮ ಪಿನ್ನನ್ನೇ ತಕ್ಕಡಿಗೆ ಹಾಕೋಣ. ನೀವು 16 ಮಿ.ಮೀ. ರಾಡ್ ಹಾಕುತ್ತೀರಿ. ಪಿನ್ 40 ಮಿ.ಮೀ., ಪಾರ್ಟಿಂಗ್‌ಗೆ (ರಾಡಿನಿಂದ ಕತ್ತರಿಸಿ ಬೇರ್ಪಡಿಸಲು) ಇನ್ನೊಂದು 3 ಮಿ.ಮೀ. ಅಷ್ಟು ರಾಡಿನ ತೂಕ ಸುಮಾರು 68 ಗ್ರಾಂ. ಪೂರ್ತಿಯಾದ ಪಿನ್ನಿನ ತೂಕ 22 ಗ್ರಾಂ. ಉಳಿದ 46 ಗ್ರಾಂ ಚಿಪ್ಸ್. ಮಾರುವುದಕ್ಕಿಂತ ಎರಡು ಪಟ್ಟು ಸ್ಟೀಲನ್ನು ಕೊರೆದು ಕೊರೆದು ತೊಟ್ಟಿಗೆ ಬೀಳಿಸುತ್ತಿದ್ದೀರಿ. 50,000ಕ್ಕೆ ಲೆಕ್ಕ ಹಾಕಿದರೆ ತಿಂಗಳಿಗೆ 2,300 ಕೆಜಿ ಚಿಪ್ಸ್. ಅದನ್ನು ಕೊರೆಯಲು ಕರೆಂಟ್ ಹೋಯಿತು, ಟೂಲ್ ಸವೆಯಿತು, ಆಪರೇಟರ್ ಸಂಬಳ ಹೋಯಿತು. ಸ್ಕ್ರಾಪ್‌ನವರು ಬಂದು ಅದಕ್ಕೆ ಕೊಡುವ ರೇಟು ನಿಮಗೇ ಗೊತ್ತು.

ಹೆಡರ್ ಕೆಲಸ ಮಾಡುವುದು ಬೇರೆ ರೀತಿ. ಅದು 8 ಮಿ.ಮೀ. ವೈರನ್ನು ಕಾಯಿಲ್‌ನಿಂದ ಎಳೆದು ತುಂಡು ಮಾಡಿ, ಡೈ ಎಂಬ ಅಚ್ಚಿನೊಳಗೆ ನಿಲ್ಲಿಸಿ, ಹೊರಗೆ ಉಳಿದ ತುದಿಯನ್ನು ಪಂಚ್‌ನಿಂದ ಗುದ್ದಿ ತಲೆ ಮಾಡುತ್ತದೆ. ಏನನ್ನೂ ಕೊರೆಯುವುದಿಲ್ಲ, ಇದ್ದದ್ದನ್ನೇ ಅತ್ತಿತ್ತ ಸರಿಸುತ್ತದೆ. ಚಪಾತಿ ಉಂಡೆ ಲಟ್ಟಿಸಿದರೆ ಅಗಲವಾಗುತ್ತೆ, ಹಿಟ್ಟು ಕಡಿಮೆಯಾಗುತ್ತದಾ? ಇದೂ ಹಾಗೇ. ನಿಮ್ಮ ತಲೆಯ ಗಾತ್ರದಷ್ಟು ಲೋಹ 8 ಮಿ.ಮೀ. ವೈರ್‌ನಲ್ಲಿ ಸರಿಯಾಗಿ 20 ಮಿ.ಮೀ. ಉದ್ದದಲ್ಲಿ ಸಿಗುತ್ತದೆ. ಆ 20 ಮಿ.ಮೀ. ಅಮುಕಿಸಿಕೊಂಡು 5 ಮಿ.ಮೀ. ದಪ್ಪದ ತಲೆಯಾಗುತ್ತದೆ. ಈ 20 ಎಂಬ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

'ಕೋಲ್ಡ್' ಎಂಬ ಹೆಸರು ಕೇಳಿ ಮೋಸಹೋಗಬೇಡಿ. ವೈರನ್ನು ಕಾಯಿಸದೆ ಹಾಕುತ್ತಾರೆ ಎಂದಷ್ಟೇ ಅರ್ಥ. ಗುದ್ದು ತಿಂದ ಲೋಹ ತಾನೇ ಕಾಯುತ್ತದೆ. ಹೆಡರ್‌ನಿಂದ ಆಗಷ್ಟೇ ಬಿದ್ದ ಪಿನ್ನನ್ನು ಬರಿಗೈಯಲ್ಲಿ ಎತ್ತಿಕೊಂಡವರು ಎರಡನೇ ಸಲ ಎತ್ತುವುದಿಲ್ಲ. ಆದರೆ ಹಾಟ್ ಫೋರ್ಜಿಂಗ್‌ನಲ್ಲಿ ಸ್ಟೀಲನ್ನು 1,100-1,200 ಡಿಗ್ರಿಗೆ ಕಾಯಿಸಿದಾಗ ಮೇಲೆ ಸ್ಕೇಲ್ (ತುಕ್ಕಿನಂಥ ಪದರ) ಕಟ್ಟುತ್ತದಲ್ಲ, ಆರುವಾಗ ಸೈಜು ಕುಗ್ಗುತ್ತದಲ್ಲ, ಆ ತಾಪತ್ರಯ ಇಲ್ಲಿಲ್ಲ. ಅದಕ್ಕೇ ಸೈಜು ಚೆನ್ನಾಗಿ ನಿಲ್ಲುತ್ತದೆ. ಡೈಯ ಗೋಡೆಗೆ ಉಜ್ಜಿಕೊಂಡು ಬಂದ ಶ್ಯಾಂಕ್ ನುಣುಪಾಗಿರುತ್ತದೆ, ಟೂಲ್ ಗೆರೆ ಇರುವುದಿಲ್ಲ. ನಿಮ್ಮ ಜೇಬಿನಲ್ಲಿರುವ ನಾಣ್ಯವೂ ತಣ್ಣಗೆ ಒತ್ತಿ ಮಾಡಿದ್ದೇ. ಎಷ್ಟು ಸಣ್ಣ ಅಕ್ಷರ ಎಷ್ಟು ಚೂಪಾಗಿ ಮೂಡಿದೆ ನೋಡಿ.

ಇನ್ನು ದುಡ್ಡು. ಸುಮ್ನೆ ಲೆಕ್ಕಕ್ಕೆ ರಾಡ್ ಕೆಜಿಗೆ 75 ರೂಪಾಯಿ, ಚಿಪ್ಸ್ 25, ಹೆಡಿಂಗ್ ವೈರ್ 90 ಎಂದು ಇಟ್ಟುಕೊಳ್ಳೋಣ. ನಿಮ್ಮ ಬಿಲ್ಲಿನ ರೇಟು ಹಾಕಿ ನೀವೇ ತಿದ್ದಿಕೊಳ್ಳಿ. ಈಗ ಒಂದು ಪಿನ್ನಿಗೆ 5 ರೂಪಾಯಿ 10 ಪೈಸೆಯ ರಾಡ್, ಚಿಪ್ಸಿನಿಂದ 1 ರೂಪಾಯಿ 15 ಪೈಸೆ ವಾಪಸ್, ಕೊನೆಗೆ ಬೀಳುವುದು 3.95. ಹೆಡರ್‌ನಲ್ಲಿ ಸೆಟ್ಟಿಂಗ್ ವೇಸ್ಟ್ ಸೇರಿಸಿ 23 ಗ್ರಾಂ ವೈರ್, ಅಂದರೆ ಸುಮಾರು 2.05. ವೈರಿನ ರೇಟು ಜಾಸ್ತಿ ಇದ್ದರೂ ಒಂದು ಪಿನ್ನಿಗೆ 1.90 ಉಳಿಯಿತು. ತಿಂಗಳಿಗೆ 95,000 ರೂಪಾಯಿ, ಬರೀ ಮಟೀರಿಯಲ್‌ನಲ್ಲಿ. ಇದರಲ್ಲಿ ಹೆಡರ್ ಹೊಡೆಯುವ ಕೂಲಿ ಸೇರಿಲ್ಲ, ನಿಜ. ಅದಕ್ಕೆ ಎದುರಾಗಿ ನಿಮ್ಮ ಟ್ರಾಬ್ ಗಂಟೆಗಳು ಉಳಿಯುತ್ತವೆ. ಡೈ, ಪಂಚ್ ಎಲ್ಲ ಸೇರಿ ಒಂದು ಲಕ್ಷ ಎಂದು ಯಾರಾದರೂ ಕೋಟ್ ಕೊಟ್ಟರೂ ಎರಡು ತಿಂಗಳೊಳಗೆ ಎದ್ದು ಬರುತ್ತದೆ. ಇದೇ ಪಿನ್ ತಿಂಗಳಿಗೆ 2,000 ಹೋಗುವುದಾಗಿದ್ದರೆ, ಟ್ರಾಬ್‌ನಲ್ಲೇ ಇರಲಿ ಬಿಡಿ ಎನ್ನುತ್ತಿದ್ದೆ.

ಈಗ ಮಷೀನ್ ಏಕೆ ಬೇಡ ಎಂದೆ ನೋಡಿ. ಈ ಸೈಜಿನ ಪಿನ್ನನ್ನು ಹೆಡರ್ ನಿಮಿಷಕ್ಕೆ 80 ಹೊಡೆಯುತ್ತದೆ ಎಂದುಕೊಳ್ಳಿ, ಅದೇನೂ ದೊಡ್ಡ ಸ್ಪೀಡಲ್ಲ. ನಿಮ್ಮ ಇಡೀ ತಿಂಗಳ 50,000 ಪಿನ್ ಹತ್ತೂವರೆ ಗಂಟೆಯಲ್ಲಿ ಮುಗಿದುಹೋಯಿತು. ನಾಲ್ಕು ಟ್ರಾಬ್ ಸೇರಿ 555 ಗಂಟೆ ಮಾಡುವ ಕೆಲಸ! ಉಳಿದ 28 ದಿನ ಆ ಮಷೀನ್ ಏನು ಮಾಡಬೇಕು? ಇಎಂಐ ಮಾತ್ರ ದಿನಾ ಓಡುತ್ತಿರುತ್ತದೆ. ಜೊತೆಗೆ ಹೆಡರ್‌ಗೆ ಗಟ್ಟಿ ಫೌಂಡೇಶನ್ ಬೇಕು, ಸದ್ದಿಗೆ ಪಕ್ಕದ ಶೆಡ್‌ನವರು ಜಗಳಕ್ಕೆ ಬರುತ್ತಾರೆ, ಸೆಟ್ಟಿಂಗ್ ಗೊತ್ತಿರುವ ಆಳು ಸಿಗುವುದು ಟ್ರಾಬ್ ಸೆಟ್ಟರ್ ಸಿಕ್ಕಷ್ಟು ಸುಲಭವಲ್ಲ. ಹೆಡರ್ ಇಟ್ಟುಕೊಂಡು ಕೆಲಸಕ್ಕಾಗಿ ಕಾಯುತ್ತಿರುವವರ ಹತ್ತಿರ ಜಾಬ್ ವರ್ಕ್ ಮಾಡಿಸಿ. ಬ್ಲ್ಯಾಂಕ್ (ಗ್ರೂವ್ ಇಲ್ಲದ ಪಿನ್) ತರಿಸಿ ಗ್ರೂವ್ ನೀವು ಹಾಕಿ. ಇಂಥ ಮೂರು ನಾಲ್ಕು ಐಟಂ ಕೈಗೆ ಬಂದು ತಿಂಗಳಿಗೆ ಹತ್ತು ಲಕ್ಷ ಪೀಸ್ ದಾಟಿದ ದಿನ ಮಷೀನ್ ಬಗ್ಗೆ ಮತ್ತೆ ಬರೆಯಿರಿ.

ಡ್ರಾಯಿಂಗ್‌ಗೆ ಬರೋಣ. ಅಲ್ಲಿ ಮೊದಲು ಬದಲಾಗಬೇಕಾದದ್ದು ಮಟೀರಿಯಲ್. ಇಎನ್ 1ಎ ಲೆಡೆಡ್ ಎನ್ನುವುದು ಟರ್ನಿಂಗ್‌ಗೆಂದೇ ಹುಟ್ಟಿದ ಸ್ಟೀಲು. ಅದರಲ್ಲಿ ಶೇ. 0.2ರಿಂದ 0.3ರಷ್ಟು ಗಂಧಕ ಬೇಕೆಂದೇ ಹಾಕಿರುತ್ತಾರೆ, ಮೇಲಿಂದ ಸೀಸ. ಗಂಧಕ ಮ್ಯಾಂಗನೀಸ್ ಜೊತೆ ಸೇರಿ ಸ್ಟೀಲಿನೊಳಗೆ ಉದ್ದುದ್ದ ಎಳೆಗಳಾಗಿ ಕೂತಿರುತ್ತದೆ. ಟೂಲ್ ತಾಗಿದಾಗ ಚಿಪ್ ಪಟಪಟ ಮುರಿಯುವುದು ಇದರಿಂದಲೇ. ಅದೇ ಎಳೆಗಳು ಹೆಡರ್‌ನಲ್ಲಿ ಶತ್ರು. ತಲೆ ಅಗಲವಾಗುವಾಗ ಅಂಚು ಹೊರಕ್ಕೆ ಹಿಗ್ಗುತ್ತದಲ್ಲ, ಆಗ ಒಂದೊಂದು ಎಳೆಯೂ ಒಂದೊಂದು ಬಿರುಕು.

ಇದನ್ನು ನಾನು ಓದಿ ಕಲಿತದ್ದಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಅರ್ಜೆಂಟ್ ಆರ್ಡರ್‌ಗೆ ಸರಿಯಾದ ವೈರ್ ಬಂದಿರಲಿಲ್ಲ. ಸ್ಟೋರಿನಲ್ಲಿ ಅದೇ ಸೈಜಿನ ಫ್ರೀ ಕಟಿಂಗ್ (ಇಎನ್ 1ಎ ಥರದ) ವೈರ್ ಒಂದು ಕಾಯಿಲ್ ಇತ್ತು. 'ಸ್ಟೀಲು ಸ್ಟೀಲೇ ತಾನೆ' ಎಂದು ನಾನೇ ಏರಿಸಿದೆ. ಸಂಜೆ ನೋಡಿದರೆ ಒಂದು ಮೂಟೆ ಪಿನ್, ಒಂದೊಂದರ ತಲೆಯೂ ಹತ್ತಿಕಾಯಿ ಬಿರಿದ ಹಾಗೆ. ನಮ್ಮ ಫೋರ್‌ಮನ್ ಏನೂ ಬಯ್ಯಲಿಲ್ಲ. ಮೂಟೆಯಿಂದ ಒಂದು ಪಿನ್ ತೆಗೆದು ನನ್ನ ಟೇಬಲ್ ಮೇಲಿಟ್ಟು ಹೋದರು. ಬಯ್ದಿದ್ದರೆ ಮರೆತಿರುತ್ತಿದ್ದೆನೇನೋ.

ನಿಮಗೆ ಬೇಕಾದದ್ದು ಕೋಲ್ಡ್ ಹೆಡಿಂಗ್ ವೈರ್. ಅಂಗಡಿಯಲ್ಲಿ ಸಿಎಚ್‌ಕ್ಯೂ (ಕೋಲ್ಡ್ ಹೆಡಿಂಗ್ ಕ್ವಾಲಿಟಿ) ವೈರ್ ಎಂದರೆ ಗೊತ್ತಾಗುತ್ತದೆ. ಪಿನ್ನಿಗೆ ಹೀಟ್ ಟ್ರೀಟ್‌ಮೆಂಟ್ ಇಲ್ಲದಿದ್ದರೆ 1010, 1018 ಥರದ ಕಡಿಮೆ ಕಾರ್ಬನ್ ಗ್ರೇಡ್ ಸಾಕು. ಹಾರ್ಡನಿಂಗ್ ಇದ್ದರೆ 10ಬಿ21ರಂಥ ಬೋರಾನ್ ಸ್ಟೀಲ್. ಅದರಲ್ಲೂ 'ಎಸ್‌ಎ' ಎಂದು ಕೇಳಿ ತಗೊಳ್ಳಿ, ಸ್ಫೆರಾಯ್ಡೈಸ್ ಅನೀಲ್ ಮಾಡಿದ್ದು. ಸ್ಟೀಲನ್ನು 700 ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ ಇಟ್ಟಾಗ ಅದರೊಳಗಿನ ಗಟ್ಟಿ ಕಾರ್ಬೈಡ್ ಹಾಳೆಗಳು ಸಾಸಿವೆಯಂತೆ ದುಂಡಗಾಗುತ್ತವೆ. ಹಾಳೆ ಹಾಳೆಯಾಗಿದ್ದಾಗ ಲೋಹ ಜರುಗಲು ಅಡ್ಡ ಬರುತ್ತಿದ್ದದ್ದು, ದುಂಡಗಾದ ಮೇಲೆ ದಾರಿ ಬಿಡುತ್ತದೆ.

ವೈರ್ ಸರಿ ಇದೆಯಾ ಎಂದು ನೋಡಲು ದೊಡ್ಡ ಲ್ಯಾಬ್ ಬೇಡ. 8 ಮಿ.ಮೀ. ವೈರ್‌ನಿಂದ 12 ಮಿ.ಮೀ. ಉದ್ದದ ತುಂಡು ಕತ್ತರಿಸಿ, ಎರಡೂ ತುದಿ ಸಮ ಮಾಡಿ, ಪ್ರೆಸ್‌ನಲ್ಲಿ ನಿಲ್ಲಿಸಿ ಅಮುಕಿಸಿ. ಸಾಮಾನ್ಯವಾಗಿ ಮೂರನೇ ಒಂದು ಭಾಗಕ್ಕೆ, ಅಂದರೆ 4 ಮಿ.ಮೀ.ಗೆ ತಂದು, ಪಕ್ಕದಲ್ಲಿ ಬಿರುಕಿಲ್ಲದಿದ್ದರೆ ಪಾಸ್ ಎನ್ನುತ್ತಾರೆ. ನೀವು ಅಷ್ಟಕ್ಕೇ ನಿಲ್ಲಿಸಬೇಡಿ. ನಿಮ್ಮ ತಲೆಯಲ್ಲಿ 20 ಮಿ.ಮೀ. 5ಕ್ಕೆ ಇಳಿಯಬೇಕು, ಅದು ನಾಲ್ಕನೇ ಒಂದು. ಹಾಗಾಗಿ 3 ಮಿ.ಮೀ. ತನಕ ಅಮುಕಿಸಿ, ಲೆನ್ಸ್ ಹಿಡಿದು ಸುತ್ತ ನೋಡಿ. ಉದ್ದಕ್ಕೆ ಒಂದೇ ನೇರ ಗೆರೆ ಬಾಯಿ ಬಿಟ್ಟಿದ್ದರೆ ವೈರ್ ಮೇಲೆ ಮೊದಲೇ ಸೀಮ್ (ಉದ್ದನೆ ಸೀಳು) ಇತ್ತು, ಕಾಯಿಲ್ ವಾಪಸ್ ಮಾಡಿ. ಓರೆಯಾಗಿ ಅಡ್ಡಡ್ಡ ಸೀಳಿದ್ದರೆ ಸ್ಟೀಲಿಗೇ ಅಷ್ಟು ಹಿಗ್ಗುವ ತಾಕತ್ತಿಲ್ಲ, ಅನೀಲಿಂಗ್ ಸಾಲದು. ಹೋಲಿಸಿ ನೋಡಲು ನಿಮ್ಮ ಇಎನ್ 1ಎ ರಾಡಿನ ಒಂದು ತುಂಡನ್ನೂ ಹೀಗೇ ಅಮುಕಿಸಿ. ನಾನು ಮೇಲೆ ಬರೆದ ಹತ್ತಿಕಾಯಿ ನಿಮ್ಮ ಕಣ್ಣಿಗೇ ಬೀಳುತ್ತದೆ.

ವೈರ್ ಮೇಲೆ ಬೂದುಬಣ್ಣದ ಕೋಟಿಂಗ್ ಇರುತ್ತದೆ, ಜಿಂಕ್ ಫಾಸ್ಫೇಟ್ ಮತ್ತು ಸೋಪು. ಕೊಳೆ ಎಂದು ತೊಳೆಯಬೇಡಿ, ಡೈಗೂ ಸ್ಟೀಲಿಗೂ ನಡುವೆ ಇರುವುದು ಅದೊಂದೇ. ಉಕ್ಕನ್ನು ತಣ್ಣಗಿರುವಾಗಲೇ ಜೋರಾಗಿ ಎಕ್ಸ್‌ಟ್ರೂಡ್ ಮಾಡುವುದು (ಡೈಯ ಕಿಂಡಿಯಲ್ಲಿ ತೂರಿಸುವುದು) ಜನರ ಕೈಗೆ ಬಂದದ್ದೇ 1930ರ ದಶಕದಲ್ಲಿ, ಜರ್ಮನಿಯಲ್ಲಿ ಈ ಫಾಸ್ಫೇಟ್ ಕೋಟಿಂಗ್ ಬಳಕೆಗೆ ಬಂದ ಮೇಲೆ. ಅಲ್ಲಿಯವರೆಗೆ ಸೀಸ, ತವರದಂಥ ಮೆತ್ತನೆ ಲೋಹಗಳದ್ದೇ ಆಟ. ಒಂದೇ ಎಚ್ಚರಿಕೆ: ಪಿನ್ನಿಗೆ ಜಿಂಕ್ ಪ್ಲೇಟಿಂಗ್ ಇದ್ದರೆ, ಪ್ಲೇಟಿಂಗ್‌ನವರಿಗೆ 'ಇದು ಫೋರ್ಜ್ ಮಾಡಿದ್ದು, ಸೋಪು ಇದೆ' ಎಂದು ಮೊದಲೇ ಹೇಳಿ. ಇಲ್ಲದಿದ್ದರೆ ಸಿಪ್ಪೆ ಏಳುತ್ತದೆ.

ಕಸ್ಟಮರ್ ಹೇಳಿದ 'ಬಲ ಜಾಸ್ತಿ' ಮಾತು ಅರ್ಧ ನಿಜ. ಯಾವ ಅರ್ಧ ಎಂದು ತಿಳಿದಿರಲಿ, ನಾಳೆ ಮೀಟಿಂಗಿನಲ್ಲಿ ಕೆಲಸಕ್ಕೆ ಬರುತ್ತದೆ.

ನಮ್ಮ ಊರುಗಳಲ್ಲಿ ನೇಗಿಲಿಗೆ ಮರ ಆರಿಸುವುದನ್ನು ನೋಡಿದ್ದೀರಾ? ನೆಟ್ಟಗಿನ ದಿಮ್ಮಿಯಿಂದ ಬಾಗಿದ ತುಂಡನ್ನು ಕೆತ್ತುವುದಿಲ್ಲ. ಹುಟ್ಟಾ ಬಾಗಿರುವ ಕೊಂಬೆಯನ್ನೇ ಹುಡುಕಿ ತರುತ್ತಾರೆ. ಕೆತ್ತಿದರೆ ಬಾಗಿನ ಜಾಗದಲ್ಲಿ ನಾರು ತುಂಡಾಗಿರುತ್ತದೆ, ಗೆರೆ ಹಿಡಿದು ಸೀಳಿಹೋಗುತ್ತದೆ. ಸ್ಟೀಲು ರಾಡಿಗೂ ಉದ್ದಕ್ಕೆ ನಾರಿನಂಥ ಎಳೆ ಇದೆ. ಟ್ರಾಬ್‌ನಲ್ಲಿ ಕೊರೆದ ಪಿನ್ನಿನ ತಲೆ ಕೆತ್ತಿದ ನೇಗಿಲು, ತಲೆಯೂ ಶ್ಯಾಂಕೂ ಸೇರುವ ಮೂಲೆಯಲ್ಲಿ ಎಳೆಗಳೆಲ್ಲ ಕತ್ತರಿಸಿಹೋಗಿವೆ. ಹೆಡರ್‌ನ ಪಿನ್ನಿನಲ್ಲಿ ಎಳೆ ಆ ಮೂಲೆಯಲ್ಲಿ ಬಳಸಿಕೊಂಡು ತಲೆಯೊಳಗೆ ಹೋಗಿರುತ್ತದೆ. ಪಿನ್ನನ್ನು ಉದ್ದಕ್ಕೆ ಸೀಳಿ, ಪಾಲಿಶ್ ಮಾಡಿ, ಬಿಸಿ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಅದ್ದಿದರೆ ಈ ಗೆರೆಗಳು ಬರಿಗಣ್ಣಿಗೇ ಕಾಣುತ್ತವೆ. ಇದನ್ನು ಮಾತ್ರ ಲ್ಯಾಬಿನಲ್ಲೇ ಮಾಡಿಸಿ, ಶೆಡ್‌ನಲ್ಲಿ ಬೇಡ. ಎರಡೂ ಪಿನ್ ಪಕ್ಕಪಕ್ಕ ಇಟ್ಟ ಒಂದು ಫೋಟೋ ಕಸ್ಟಮರ್‌ಗೆ ತೋರಿಸಿದರೆ ಮುಂದೆ ಮಾತೇ ಬೇಡ.

ಇದು ಮೂಲೆಯ ಕಥೆ. ಶ್ಯಾಂಕ್‌ದು ಬೇರೆ. ತಣ್ಣಗಿರುವ ಸ್ಟೀಲನ್ನು ಅಮುಕಿಸಿದಷ್ಟೂ ಗಟ್ಟಿಯಾಗುತ್ತದೆ, ಕಬ್ಬಿಣದ ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದಾಗ ಬಗ್ಗಿದ ಜಾಗ ಬಿಗಿಯಾಗುವ ಹಾಗೆ. ಆದರೆ ನಿಮ್ಮ ಪಿನ್ನಿನಲ್ಲಿ ಗುದ್ದು ತಿನ್ನುವುದು ತಲೆ ಮಾತ್ರ. ಶ್ಯಾಂಕ್ ಹೆಚ್ಚುಕಡಿಮೆ ವೈರೇ. ಅನೀಲ್ ಮಾಡಿದ ಮೆತ್ತನೆ ವೈರ್ ಆದ್ದರಿಂದ, ನೀವೀಗ ಹಾಕುತ್ತಿರುವ ಕೋಲ್ಡ್ ಡ್ರಾನ್ (ತಣ್ಣಗೆ ಎಳೆದು ಗಟ್ಟಿಯಾದ) ರಾಡಿಗಿಂತ ಶ್ಯಾಂಕ್ ಮೆತ್ತಗಾಗಿಬಿಡುವ ಸಾಧ್ಯತೆಯೂ ಇದೆ! ಪಿನ್ ಮೇಲೆ ಲೋಡ್ ಬೀಳುವುದು ಶ್ಯಾಂಕಿನ ಅಡ್ಡಕ್ಕೇ ಅಲ್ವಾ? ಹಾಗಾಗಿ ಸ್ಯಾಂಪಲ್ ಬಂದಾಗ ಶ್ಯಾಂಕ್ ಹಾರ್ಡ್‌ನೆಸ್ ನೋಡದೆ ಒಪ್ಪಬೇಡಿ.

ಇದಕ್ಕೆ ಡೈ ಮಾಡುವವರ ಹತ್ತಿರ ಒಂದು ಹಳೇ ಉಪಾಯ ಇದೆ. 8ರ ಬದಲು 8.8 ಮಿ.ಮೀ. ವೈರ್ ಹಾಕಿ, ಡೈಯೊಳಗೆ ತೂರಿಸಿ ಶ್ಯಾಂಕನ್ನು 8ಕ್ಕೆ ಇಳಿಸುವುದು. ಚಕ್ಕುಲಿ ಒರಳಿನ ಕೆಲಸವೇ. ಅಡ್ಡಕೊಯ್ತದ ವಿಸ್ತೀರ್ಣ ಶೇ. 17ರಷ್ಟು ಕಡಿಮೆಯಾಗುತ್ತದೆ, ಅಷ್ಟಕ್ಕೇ ಶ್ಯಾಂಕ್ ಚೆನ್ನಾಗಿ ಗಟ್ಟಿಯಾಗುತ್ತದೆ. ಇದರಿಂದ ಇನ್ನೊಂದು ಲಾಭವೂ ಇದೆ, ಅದಕ್ಕೇ 20 ಎಂಬ ಅಂಕಿ ನೆನಪಿಟ್ಟುಕೊಳ್ಳಿ ಎಂದದ್ದು.

ಪೊರಕೆ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿ ಮೇಲಿಂದ ಒತ್ತಿ, ಬಳುಕುತ್ತದೆ. ಅದನ್ನೇ ಗಿಡ್ಡಕ್ಕೆ ಮುರಿದು ಒತ್ತಿ, ಬಳುಕುವುದಿಲ್ಲ. ವೈರೂ ಹಾಗೇ. ಡೈಯಿಂದ ಹೊರಗೆ ನಿಂತ ಉದ್ದ ವ್ಯಾಸದ ಸುಮಾರು ಎರಡೂಕಾಲು ಪಟ್ಟು ಮೀರಿದರೆ ಒಂದೇ ಏಟಿಗೆ ತಲೆ ಮಾಡಲು ಹೋಗಬಾರದು, ವೈರ್ ಒಂದು ಕಡೆ ಮಡಚಿಕೊಂಡು ತಲೆ ಸೊಟ್ಟಗಾಗುತ್ತದೆ. ನಿಮ್ಮ 20 ಮಿ.ಮೀ. ಎಂದರೆ 8ರ ಎರಡೂವರೆ ಪಟ್ಟು. ಆಗ ಎರಡು ಏಟು ಬೇಕು, ಮೊದಲು ಕೋನ್ ಪಂಚ್‌ನಿಂದ ಲೋಹವನ್ನು ಒಟ್ಟುಮಾಡಿ, ಆಮೇಲೆ ಚಪ್ಪಟೆ. 8.8 ವೈರ್ ಆದರೆ ತಲೆಗೆ ಬೇಕಾದ ಉದ್ದ ಹದಿನಾರೂವರೆ ಮಿ.ಮೀ.ಗೆ ಇಳಿಯುತ್ತದೆ, ಅಂದರೆ ಎರಡು ಪಟ್ಟಿಗೂ ಕಡಿಮೆ. ತಲೆ ತುಂಬುವುದು ಸಲೀಸು, ಬಿರುಕಿನ ಭಯವೂ ಕಡಿಮೆ. ಆಗ ಕತ್ತರಿಸುವ ಉದ್ದ 45 ಮಿ.ಮೀ. ಚಿಲ್ಲರೆ ಬರುತ್ತದೆ. ನಾನಾಗಿದ್ದರೆ ಹೀಗೇ ಮಾಡಿಸುತ್ತಿದ್ದೆ.

ಒಂದು ಮಾತು, ಪಿನ್ನಿಗೆ ಆಮೇಲೆ ಹಾರ್ಡನಿಂಗ್, ಟೆಂಪರಿಂಗ್ ಇದ್ದರೆ ಹೀಗೆ ಗುದ್ದಿ ಗಳಿಸಿದ ಗಟ್ಟಿತನವೆಲ್ಲ ಫರ್ನೇಸ್‌ನಲ್ಲಿ ಅಳಿಸಿಹೋಗುತ್ತದೆ. ಎಳೆಯ ಹರಿವು ಮಾತ್ರ ಉಳಿಯುತ್ತದೆ. 4.8, 5.8 ಎಂದು ಗುರುತಿರುವ ಬೋಲ್ಟ್‌ಗಳಿಗೆ ಬರೀ ಕೋಲ್ಡ್ ವರ್ಕಿನ ಬಲ ಸಾಕು, 8.8 ಗುರುತಿನ ಬೋಲ್ಟ್‌ಗೆ ಹೀಟ್ ಟ್ರೀಟ್‌ಮೆಂಟ್ ಬೇಕೇ ಬೇಕು. 'ಕೋಲ್ಡ್ ಫೋರ್ಜ್, ಅದಕ್ಕೇ ಹೈ ಟೆನ್ಸೈಲ್' ಎಂದು ಮಾರುವವರು ಈ ವಿಷಯ ಹೇಳುವುದಿಲ್ಲ.

ಡ್ರಾಯಿಂಗ್‌ನಲ್ಲಿ ಇನ್ನೆರಡು ಕಡೆ ಪೆನ್ಸಿಲ್ ಆಡಿಸಬೇಕು. ತಲೆಯ ಕೆಳಗೆ ಶಾರ್ಪ್ ಕಾರ್ನರ್ ಎಂದಿದ್ದರೆ ತೆಗೆಸಿ, 0.5 ಮಿ.ಮೀ. ರೇಡಿಯಸ್ ಕೇಳಿ. ಪಿನ್ ಕೂರುವ ಬುಷ್‌ಗೆ ಚಾಂಫರ್ (ಬಾಯಲ್ಲಿ ಓರೆ ಅಂಚು) ಇದೆಯಾ ಎಂದೂ ಕೇಳಿ, ಇಲ್ಲದಿದ್ದರೆ ತಲೆ ಪೂರ್ತಿ ಕೂರುವುದಿಲ್ಲ. ತಲೆಯ ಹೊರ ಅಂಚು ಸ್ವಲ್ಪ ದುಂಡಗೆ ಬರುತ್ತದೆ, ಅದನ್ನು ಒಪ್ಪಿಸಿ. ಆ ಅಂಚು ಚೂಪಾಗಿ ತುಂಬಲೇಬೇಕೆಂದು ಒತ್ತಿದರೆ ಕೊನೆಯ ಆ ಚೂರಿಗಾಗಿ ಡೈ ಮೇಲಿನ ಒತ್ತಡ ವಿಪರೀತ ಏರುತ್ತದೆ. ಕಾರ್ಬೈಡ್ ಡೈ ಒಡೆಯುವುದು ಬಹಳ ಸಲ ಇಂಥ ಬೇಡದ ಹಟಕ್ಕೇ. ನೀವು ಸುಮ್ಮನೆ ಬದಲಾವಣೆ ಕೇಳಿದರೆ ಕಸ್ಟಮರ್‌ನ ಡಿಸೈನ್‌ನವರು ಆರು ತಿಂಗಳು ಕೂರಿಸುತ್ತಾರೆ. ರೇಟು ಇಳಿಸಿದ ಕೊಟೇಶನ್ ಜೊತೆಗೇ ಈ ಬದಲಾವಣೆ ಇಡಿ, ವಾರದಲ್ಲಿ ಸಹಿ ಬರುತ್ತದೆ.

ಸರ್‌ಕ್ಲಿಪ್ ಗ್ರೂವ್ ಹೆಡರ್‌ನಲ್ಲಿ ಬರುವುದಿಲ್ಲ. ಒಳಗೆ ತಗ್ಗು ಹೊಡೆದರೆ ಪಿನ್ ಡೈಯಿಂದ ಹೊರಗೆ ಬರಬೇಕಲ್ಲ! ಅಡ್ಡ ತೂತೂ ಅಷ್ಟೇ. ಗ್ರೂವ್ ನಿಮ್ಮ ಟ್ರಾಬ್‌ಗೇ ಉಳಿಯಿತು. ಬ್ಲ್ಯಾಂಕ್ ಹಿಡಿದು ಗ್ರೂವ್ ಹಾಕಲು ಹತ್ತು ಸೆಕೆಂಡ್ ಹಿಡಿದರೂ ತಿಂಗಳಿಗೆ 400 ಗಂಟೆಗೂ ಮೇಲೆ ಮಷೀನ್ ಟೈಮ್ ಖಾಲಿಯಾಗುತ್ತದೆ. ಅದಕ್ಕೆ ಬೇರೆ ಕೆಲಸ ಈಗಿನಿಂದಲೇ ಹುಡುಕಿ, ಈ ಲೆಕ್ಕದಲ್ಲಿ ನಿಮ್ಮ ನಿಜವಾದ ಲಾಭ ಅಲ್ಲಿದೆ.

ಗ್ರೂವ್ ಹಾಕುವಾಗ ಒಂದು ಕಿರಿಕಿರಿ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. ಹೊಸ ಸ್ಟೀಲಿನಲ್ಲಿ ಸೀಸವೂ ಇಲ್ಲ, ಗಂಧಕವೂ ಇಲ್ಲದಂತೆಯೇ. ಚಿಪ್ ಮುರಿಯದೆ ದಾರದ ಹಾಗೆ ಉದ್ದಕ್ಕೆ ಬಂದು ಟೂಲಿಗೆ, ಪಿನ್ ಹಿಡಿಯುವ ಕಾಲೆಟ್‌ಗೆ ಸುತ್ತಿಕೊಳ್ಳುತ್ತದೆ. ಇಎನ್ 1ಎಗೆ ಇಟ್ಟಿರುವ ಸ್ಪೀಡಿನಲ್ಲೇ ಓಡಿಸಿದರೆ ಮೊದಲ ದಿನವೇ ನಿಮ್ಮ ಆಪರೇಟರ್ 'ಈ ಮಾಲು ಸರಿ ಇಲ್ಲ ಸಾರ್' ಎನ್ನುತ್ತಾನೆ. ಮಾಲು ಸರಿಯಾಗೇ ಇರುತ್ತದೆ. ಸ್ಪೀಡ್ ಇಳಿಸಿ, ಟೂಲ್ ಚೂಪಾಗಿ ಮಸೆಸಿ, ಕೂಲೆಂಟ್ ಧಾರಾಳವಾಗಿ ಬಿಡಿ. ಫೀಡ್ (ಟೂಲ್ ಒಳಗೆ ಹೋಗುವ ವೇಗ) ಮಾತ್ರ ತೀರಾ ಕಡಿಮೆ ಮಾಡಬೇಡಿ, ಚಿಪ್ ತೆಳ್ಳಗಾದಷ್ಟೂ ಜಾಸ್ತಿ ಸುತ್ತಿಕೊಳ್ಳುತ್ತದೆ.